ಹುಣಸೆಹಣ್ಣಿನಲ್ಲಿ ಬೆಳಗಿದ ಕಾರ್ಬುರೇಟರು

ಮೊದಲೇ ಹೇಳಿಬಿಡುತ್ತೇನೆ, ಈ ಸಂಗತಿಯ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನಡೆದು ಏಳೇ ವರ್ಷವಾಗಿದೆ, ಅದೇನು ದೊಡ್ಡ ಅವಧಿಯಲ್ಲ. ಆದರೆ ನನ್ನ ನೆನಪಿನ ಗುಣ ನನಗೆ ಗೊತ್ತು. ಅದು ಕೋರ್ಟಿನ ಕಟ್ಟೆಯ ಮೇಲೆ ಕೂತಿರುವ ಬಾಡಿಗೆ ಸಾಕ್ಷಿಯ ಹಾಗೆ, ಕರೆದುಕೊಂಡು ಹೋದವರ ಪರವಾಗಿ ಹೇಳುತ್ತದೆ. ಕರೆದುಕೊಂಡು ಹೋಗುವವಳು ಯಾವಾಗಲೂ ನಾನೇ ಆದ್ದರಿಂದ ಇವತ್ತಿನವರೆಗೆ ಒಂದು ಸಲವೂ ನನ್ನ ವಿರುದ್ಧ ಹೇಳಿಲ್ಲ. ಈ ಅನುಮಾನದಿಂದಲೇ ನಾನು ಕಾಲೇಜಿನ ದಿನಗಳಲ್ಲಿ ಡೈರಿ ಬರೆಯುವ ಅಭ್ಯಾಸ ಹಚ್ಚಿಕೊಂಡದ್ದು. ನಮಗೆ ಇತಿಹಾಸ ಕಲಿಸುತ್ತಿದ್ದ ಪ್ರಾಧ್ಯಾಪಕರೊಬ್ಬರು ‘ಬರೆದಿಡದೇ ಇದ್ದದ್ದು ನಡೆದೇ ಇಲ್ಲ ಅಂತ ತಿಳೀರಿ’ ಅನ್ನುತ್ತಿದ್ದರು. ಬರೆದಿಟ್ಟದ್ದೆಲ್ಲ ನಡೆದಿತ್ತು ಅಂತ ಅವರು ಹೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ತೀರ ಈಚೆಗೆ. ಹೀಗಾಗಿ ನಾನು ಹೇಳುವ ಗಾಡಿಯ ಬಣ್ಣ ಹಸಿರು ಅಂತ ನೀವು ನಂಬಬೇಕಾಗಿಲ್ಲ. ನನ್ನ ತಂಗಿ ವಿಮಲಾ ಅದು ನೀಲಿ ಅನ್ನುತ್ತಾಳೆ. ಇಬ್ಬರೂ ಜಗಳಾಡಿ ತೆಗೆದು ನೋಡಿದ ಫೋಟೋದಲ್ಲಿ ಕಪ್ಪು ಬಿಳುಪಿನ ಹೊರತು ಏನೂ ಇಲ್ಲ.

ಆ ವರ್ಷ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ನಾಲ್ಕಾರು ಕಾಲೇಜುಗಳಿಗೆ ಅರ್ಜಿ ಹಾಕಿ, ನವಲಗುಂದದ ನಮ್ಮ ಮನೆಯಲ್ಲಿ ಟಪಾಲಿನವನ ದಾರಿ ಕಾಯುತ್ತ ಕೂತಿದ್ದೆ. ಮನೆಗೆ ಬಂದವರೆಲ್ಲ ‘ಮುಂದ ಏನ್ ಮಾಡಾಕಿ?’ ಅಂತ ಕೇಳುತ್ತಿದ್ದರು. ಅವರಿಗೆ ಉತ್ತರ ಕೊಟ್ಟು ಬೇಸತ್ತ ನಮ್ಮವ್ವ, ಅಣ್ಣಿಗೇರಿಯಿಂದ ಕಾಗದ ಬಂದ ದಿನವೇ ನನ್ನನ್ನು ಬಸ್ಸು ಹತ್ತಿಸಿದಳು. ಅಣ್ಣಿಗೇರಿಯಲ್ಲಿ ನಮ್ಮ ಶ್ರೀಪಾದಕಾಕಾ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಅವರ ಮಗಳು ವಿಮಲಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಹಡೆದಿದ್ದಳು. ಸಿಂಧುಕಾಕುಗೆ ಬಾಣಂತಿ, ಕೂಸು, ಎಣ್ಣೆ, ನೀರು ಇಷ್ಟರಲ್ಲೇ ಹೊತ್ತು ಮುಳುಗುತ್ತಿತ್ತು. ಉಳಿದ ಕೆಲಸಕ್ಕೆ ಒಂದು ಕೈ ಬೇಕಾಗಿತ್ತು. ಎಂ.ಎ. ಆದ ಮೇಲೆ ನನಗೆ ಸಿಕ್ಕ ಮೊದಲ ನೌಕರಿ ಅದೇ. ಸಂದರ್ಶನವಿಲ್ಲದೆ ನೇಮಕವಾದದ್ದೂ ಅದೊಂದೇ.

ಕಾಕಾನ ಹತ್ತಿರ ಒಂದು ಗಾಡಿ, ಅಂದರೆ ಕಾರು, ಇತ್ತು. ಅದು ಇಂಗ್ಲೆಂಡಿನಲ್ಲಿ ಹುಟ್ಟಿ, ಯಾವನೋ ಸಾಹೇಬನ ಕೈಯಲ್ಲಿ ಪಳಗಿ, ಆಮೇಲೆ ಗದಗಿನ ಒಬ್ಬ ಮುದುಕ ಡಾಕ್ಟರರಿಗೆ ದುಡಿದು, ಕೊನೆಗೆ ಕಾಕಾನ ಓಣಿಗೆ ಬಂದು ಬೇವಿನ ಗಿಡದ ಕೆಳಗೆ ನಿಂತಿತ್ತು. ನನಗಿಂತ, ಬಹುಶಃ ಕಾಕುಗಿಂತಲೂ ವಯಸ್ಸಾದದ್ದು. ಅಣ್ಣಿಗೇರಿಯಲ್ಲಿ ಅದನ್ನು ನೂಕದೇ ಇದ್ದ ಗಂಡಸು ಇರಲಿಲ್ಲ. ಕಾಳಿನ ಪೇಟೆಯ ಹಮಾಲರು ದೂರದಿಂದ ಕಾಕಾನನ್ನು ಕಂಡರೆ ಸಾಕು, ‘ನೂಕೂಣೇನ್ರಿ ಮಾಸ್ತರ್ರ?’ ಅಂತ ನಮಸ್ಕಾರದ ಬದಲು ಕೇಳುತ್ತಿದ್ದರು. ಕಾಕಾ ಅದಕ್ಕೆ ಸಿಟ್ಟಾಗುತ್ತಿರಲಿಲ್ಲ. ‘ಇವತ್ತ ಬ್ಯಾಡಪಾ, ನಾಳೆ ನೋಡೂಣು’ ಅನ್ನುತ್ತಿದ್ದರು.

ಕೂಸು ಹುಟ್ಟಿದ ಮಾರನೇ ದಿನವೇ ತೊಟ್ಟಿಲ ಮಾತು ಬಂತು. ಕಾಕುವಿನ ತವರು ಕಲಘಟಗಿ. ಅಲ್ಲಿಯ ಬಣ್ಣದ ತೊಟ್ಟಿಲನ್ನು ಅವಳ ಅಣ್ಣ ಮಾಡಿಸಿಟ್ಟಿದ್ದ. ತರುವುದು ಹೇಗೆ ಎಂಬುದೊಂದೇ ಪ್ರಶ್ನೆ. ವಿಮಲಾ ಹುಟ್ಟಿದಾಗ ಅವಳ ತೊಟ್ಟಿಲು ಬಸ್ಸಿನ ಮೇಲೆ ಬಂದಿತ್ತಂತೆ. ಹಗ್ಗ ತಿಕ್ಕಿ ತಿಕ್ಕಿ, ಹಲಗೆಯ ಮೇಲಿನ ಕೃಷ್ಣನ ಮೂಗು ಅಳಿಸಿಹೋಗಿತ್ತಂತೆ. ವಿಮಲಾನ ಮೂಗು ಸ್ವಲ್ಪ ಮೊಂಡು. ಈ ಎರಡಕ್ಕೂ ಸಂಬಂಧವಿದೆ ಎಂದು ಕಾಕು ಇಪ್ಪತ್ತೆರಡು ವರ್ಷದಿಂದ ನಂಬಿದ್ದಳು; ಬಸ್ಸಿನಲ್ಲಿ ತರಿಸಿದವರು ಕಾಕಾ ಆದ್ದರಿಂದ ಆ ಮೂಗಿನ ಹೊಣೆಯನ್ನು ಅವರ ಮೇಲೆಯೇ ಹೊರಿಸಿದ್ದಳು.

‘ಈ ಸಲ ತೊಟ್ಟಿಲಾ ಬಸ್ಸಿನ ಮ್ಯಾಲ ಬಂತಂದ್ರ ನಾ ಕೂಸಿನ್ನ ಮೊರದಾಗ ಮಲಗಸ್ತೀನಿ, ನೋಡ್ರಿ ಮತ್ತ’ ಅಂದಳು ಕಾಕು.

‘ಮನಿ ಮುಂದ ಗಾಡಿ ಯಾಕದ? ನಾನ ಹೋಗಿ ತರ್ತೀನಿ. ಒಂದು ಗೀರು ಬಿದ್ರ ನನ್ನ ಹೆಸರ ಬದಲ ಮಾಡು.’

‘ಹೆಂಗೂ ಹನ್ನೆರಡನೇ ದಿನಾ ಭಟ್ಟರು ಬರ್ತಾರ. ಅಜ್ಜ ಮೊಮ್ಮಗಳು ಇಬ್ಬರಿಗೂ ಒಮ್ಮೆಲೆ ಹೆಸರಿಡೂಣು.’

ಕಾಕಾನ ಪ್ರತಿಜ್ಞೆ ಹೀಗೆ ಆಯಿತು. ಹನ್ನೆರಡನೇ ದಿನ, ಅಂದರೆ ಸೋಮವಾರ, ಕೂಸನ್ನು ತೊಟ್ಟಿಲಿಗೆ ಹಾಕುವುದರೊಳಗೆ ಗಾಡಿ ಕಲಘಟಗಿಗೆ ಹೋಗಿ ಬರಬೇಕು. ಆದರೆ ಆ ಗಾಡಿ ಮನೆಯ ಮುಂದಿನ ಬೇವಿನ ಗಿಡದಿಂದ ಹನುಮಪ್ಪನ ಗುಡಿಯವರೆಗೆ ಹೋಗುವುದರಲ್ಲೇ ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು.

ರೋಗ ಕಾರ್ಬುರೇಟರಿನಲ್ಲಿ. ಅದೇನೆಂದು ಕಾಕಾ ನನಗೆ ಹೈಸ್ಕೂಲಿನ ಹುಡುಗಿಗೆ ಹೇಳುವಂತೆ ಹೇಳಿದರು. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಕಲಸಿ ಎಂಜಿನ್ನಿಗೆ ಉಣಿಸುವ ಪಾತ್ರೆ ಅದು. ಅದರ ಹೊಟ್ಟೆಯೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಟೊಳ್ಳು ಹಿತ್ತಾಳೆ ಡಬ್ಬಿ ಇರುತ್ತದೆ. ಪೆಟ್ರೋಲು ಸಾಕಷ್ಟಾದ ಕೂಡಲೇ ಡಬ್ಬಿ ಮೇಲೆದ್ದು, ತಲೆಯ ಮೇಲಿನ ಸೂಜಿಯಿಂದ ಬಾಗಿಲು ಮುಚ್ಚುತ್ತದೆ. ಎಂಜಿನ್ನಿಗೆ ಪೆಟ್ರೋಲು ಹೋಗುವುದು ಜೆಟ್ಟು ಎಂಬ ಒಂದು ಹಿತ್ತಾಳೆ ಮೊಳೆಯ ತೂತಿನಿಂದ. ತೂತು ಎಂದರೆ ಕೂದಲು ಹೋಗುವಷ್ಟು. ‘ನಿಮ್ಮ ಕಾಕು ಅವಲಕ್ಕಿಗೆ ಒಗ್ಗರಣಿ ಹಾಕಿಧಂಗ. ಎಣ್ಣಿ ಹೆಚ್ಚಾದ್ರ ಕೆಮ್ಮು, ಕಡಿಮಿ ಆದ್ರ ಗಂಟಲಾಗ ಸಿಗತದ’ ಅಂದರು. ಒಳಗಿನಿಂದ ಕಾಕು, ‘ನನ್ನ ಅವಲಕ್ಕಿ ತಿಂದು ಯಾರೂ ಹಾದಿ ಮ್ಯಾಲ ನಿಂತಿಲ್ಲ’ ಅಂದಳು.

ಶನಿವಾರ ಕಾಕಾ ರಿಪೇರಿಗೆ ಕೂತರು. ಸೂಟಿಯ ದಿನಗಳು, ಶಾಲೆಯ ಚಿಂತೆ ಇರಲಿಲ್ಲ. ನಾನು ಅಷ್ಟು ತಾಳ್ಮೆಯಿಂದ ಯಾರೂ ಏನನ್ನೂ ಮಾಡಿದ್ದನ್ನು ಕಂಡಿಲ್ಲ. ಪ್ರತಿ ತಿರುಪನ್ನು ಬಿಚ್ಚಿದ ಕೂಡಲೇ ಕಾಗದದ ಮೇಲೆ ಅದರ ಚಿತ್ರ ಬರೆದು ನಂಬರು ಹಾಕುತ್ತಿದ್ದರು. ತೇಲುವ ಡಬ್ಬಿಯನ್ನು ಬಿಸಿನೀರಿನಲ್ಲಿ ಅದ್ದಿ ಹಿಡಿದು, ಎಲ್ಲಿಂದ ಗುಳ್ಳೆ ಏಳುತ್ತದೆ ಅಂತ ಚಸ್ಮಾ ಏರಿಸಿಕೊಂಡು ನೋಡಿದರು. ಬೆಸುಗೆಯ ಗೆರೆಯಿಂದ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಒಳಗೆ ಸೇರಿದ್ದ ಪೆಟ್ರೋಲನ್ನು ಹನಿಹನಿಯಾಗಿ ಹೊರಗೆ ತೆಗೆದು, ಒಂದು ಹಗಲೆಲ್ಲ ನೆರಳಿಗಿಟ್ಟು ಒಣಗಿಸಿ, ಬೆಸುಗೆ ಹಚ್ಚಿದರು. ಬೆಸುಗೆ ಹೆಚ್ಚಾದರೆ ಡಬ್ಬಿ ಭಾರವಾಗಿ ಮುಳುಗುತ್ತದೆ ಅಂತ ಅದನ್ನು ಅರದಿಂದ ಉಜ್ಜಿ ಉಜ್ಜಿ, ಬಂಗಾರ ತೂಗುವ ತಕ್ಕಡಿ ತರಿಸಿ ತೂಗಿದರು. ಸೂಜಿಯ ತುದಿ ಸವೆದಿತ್ತು. ಅದನ್ನು ಹಲ್ಲಿನ ಪುಡಿ ಹಚ್ಚಿ ಅದರ ಗೂಡಿನಲ್ಲಿಟ್ಟು ಬೆರಳಿನಿಂದ ತಿರುವುತ್ತ ಕೂತರು; ನಾನು ಎದ್ದಾಗ ತಿರುವುತ್ತಿದ್ದರು, ಊಟಕ್ಕೆ ಕರೆದಾಗ ತಿರುವುತ್ತಿದ್ದರು. ಕಾರ್ಬುರೇಟರಿನ ಮುಚ್ಚಳಕ್ಕೆ ತಿರುಪು ಹಾಕಲು ಎರಡು ಕಿವಿ, ಅವುಗಳಲ್ಲಿ ಒಂದು ಡಾಕ್ಟರರ ಕಾಲದಲ್ಲೇ ಮುರಿದಿತ್ತು. ‘ಇನ್ನೊಂದು ಗಟ್ಟಿ ಅದ, ನಡೀತದ’ ಅಂದರು. ಮೂರು ದಿನದ ಕೆಲಸ ಮುಗಿಸಿ, ಎಲ್ಲವನ್ನೂ ಒಂದು ತಾಟಿನಲ್ಲಿ ಸಾಲಾಗಿ ಜೋಡಿಸಿ ಹಿತ್ತಲಕಟ್ಟೆಯ ಮೇಲಿಟ್ಟು, ಮಂಗಳವಾರ ಮುಂಜಾನೆ ಚರ್ಮದ ವಾಶರು ತರಲು ಗದಗಿಗೆ ಹೋದರು.

ಅದೇ ಮಂಗಳವಾರ ಕಾಕು ನನಗೆ ಹೇಳಿದ್ದು: ‘ಮನ್ಯಾಗಿನ ಹಿತ್ತಾಳಿ ಸಾಮಾನ ಒಂದೂ ಬಿಡಬ್ಯಾಡವಾ, ಎಲ್ಲಾ ಬೆಳಗಿಡು. ಬೀಗರು ಬರಾವರಿದ್ದಾರ. ವಿಮಲಾನ ಅತ್ತಿ ಕಣ್ಣು ಮನಶ್ಯಾರಕಿಂತ ಮೊದಲ ಸಾಮಾನದ ಮ್ಯಾಲ ಬೀಳ್ತದ.’

ನಾನು ಒಂದೂ ಬಿಡಲಿಲ್ಲ. ಇದರಲ್ಲಿ ಕಾಕುವಿನ ತಪ್ಪಿಲ್ಲ. ನನ್ನ ಓದು ಎಂಥದೆಂದರೆ, ಹೇಳಿದ ವಾಕ್ಯವನ್ನು ಅಕ್ಷರಶಃ ಪಾಲಿಸುತ್ತೇನೆ, ಅದರ ಅರ್ಥಕ್ಕೆ ಹೋಗುವುದಿಲ್ಲ. ಕೊಡಪಾನ, ತಂಬಿಗೆ, ದೀಪದ ಸಮೆ, ಗಂಟೆ, ಎಲ್ಲ ಹುಣಸೆನೀರಿನಲ್ಲಿ ನೆನೆದವು. ಪಕ್ಕದ ತಾಟಿನಲ್ಲಿ ಜಿಡ್ಡು ಹಿಡಿದು ಕೂತಿದ್ದ ಹಿತ್ತಾಳೆಯನ್ನು ಕಂಡು ನನಗೆ ಪಾಪ ಅನ್ನಿಸಿತು. ಕಾಕಾ ಮೂರು ದಿನ ಕಷ್ಟಪಟ್ಟಿದ್ದಾರೆ, ಬಂದ ಮೇಲೆ ಕಂಡು ಸಂತೋಷಪಡಲಿ ಅನ್ನಿಸಿತು. ಹುಣಸೆಹಣ್ಣು, ಬೂದಿ, ಇಟ್ಟಂಗಿಪುಡಿ, ತೆಂಗಿನ ನಾರು, ಯಾವುದರಲ್ಲೂ ನಾನು ಜಿಪುಣತನ ಮಾಡಲಿಲ್ಲ. ತೇಲುವ ಡಬ್ಬಿಯನ್ನು ತಂಬಿಗೆಯ ಹಾಗೆ ಒತ್ತಿ ಹಿಡಿದು ತಿಕ್ಕಿದಾಗ ಒಂದು ಕಡೆ ಸ್ವಲ್ಪ ಒಳಗೆ ಹೋಯಿತು. ಮುಚ್ಚಳ ಹಿತ್ತಾಳೆಯದಲ್ಲ, ಎಂಥದೋ ಬಿಳಿಯ ಲೋಹದ್ದು; ಅದು ಹುಳಿಗೆ ಕಪ್ಪಾಗಿ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಗಟ್ಟಿ ಇದ್ದ ಕಿವಿಯೂ ಹೋಯಿತು. ಕೊನೆಗೆ ಜೆಟ್ಟಿನ ತೂತಿನಲ್ಲಿ ಬೂದಿ ಹೊಕ್ಕು ಕೂತಿತ್ತು. ಊದಿದೆ, ಹೋಗಲಿಲ್ಲ. ಹೊಲಿಗೆಯ ಸೂಜಿ ಹುಡುಕಿದೆ, ಸಿಗಲಿಲ್ಲ. ಕಾಳಿನ ವ್ಯಾಪಾರದ ಊರಿನಲ್ಲಿ ಯಾವ ಮನೆಯಲ್ಲೂ ಕೈಗೆ ಮೊದಲು ಸಿಗುವುದು ಚೀಲ ಹೊಲಿಯುವ ದಬ್ಬಣ. ಅದನ್ನೇ ತೂರಿಸಿ ಒಂದೆರಡು ಸುತ್ತು ತಿರುವಿದೆ. ಬೂದಿ ಬಂತು. ಬೂದಿಯ ಜೊತೆಗೆ ಹಳದಿ ಪುಡಿಯೂ ಬಂತು. ಎತ್ತಿ ನೋಡಿದರೆ ತೂತಿನೊಳಗಿಂದ ಮಾಳಿಗೆಯಾಚೆಗಿನ ಬೇವಿನ ಗಿಡ ಕಾಣಿಸುತ್ತಿತ್ತು.

ಬುಧವಾರ ಮುಂಜಾನೆ ಕಾಕಾ ಚಸ್ಮಾ ಏರಿಸಿಕೊಂಡು ತಾಟಿನ ಮುಂದೆ ನಿಂತರು.

‘ಯಾರು ಬೆಳಗಿದವರು?’

‘ನಾನು ಕಾಕಾ.’

‘ಭಾಳ ಛಲೋ ಬೆಳಗೀ. ಕುಂಕುಮಾ ಹಚ್ಚೂದೊಂದು ಬಿಟ್ಟಿ ನೋಡು.’

ಡಬ್ಬಿ ಹಾಗೂ ಕಿವಿಯ ಸುದ್ದಿಯನ್ನು ನಾನೇ ಹೇಳಿದೆ. ಅವು ಹೇಗೂ ಕಾಣುತ್ತಿದ್ದವು. ದಬ್ಬಣದ ಸುದ್ದಿ ಹೇಳಲಿಲ್ಲ. ಅದು ಕಾಣುತ್ತಿರಲಿಲ್ಲ. ಕಾಕಾ ಡಬ್ಬಿಯನ್ನು ಸರಿಮಾಡಿ, ಮುಚ್ಚಳವನ್ನು ತಂತಿಯಿಂದ ಬಿಗಿದು, ಜೋಡಿಸಿ, ಎಂಜಿನ್ನು ಹೊರಡಿಸಲು ಗಾಡಿಯ ಮುಂದೆ ಹ್ಯಾಂಡಲು ತಿರುವಿದರು. ಗಾಡಿ ಒಮ್ಮೆ ಗುಡುಗಿ, ಓಣಿಯ ತುಂಬ ಕರೀ ಹೊಗೆ ಉಗುಳಿ, ಹಸಿ ಪೆಟ್ರೋಲು ಕಾರಿ ನಿಂತಿತು. ಮತ್ತೆ ಬಿಚ್ಚಿದರು. ಶಾಲೆಯ ಭೂತಗನ್ನಡಿ ತಂದು ಜೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದರು.

‘ತೂತು ಯಾರೋ ಕೆತ್ತ್ಯಾರಲ್ಲ!’

ಹೋದ ದೀಪಾವಳಿಗೆ ಆ ಕಾರ್ಬುರೇಟರು ಬಿಚ್ಚಿದ್ದವನು ಹುಬ್ಬಳ್ಳಿಯ ಬುಡನ್ ಮಿಸ್ತ್ರಿ; ರಿಪೇರಿಗೆ ಕೂತಾಗಲೇ ಕಾಕಾ ಅದನ್ನು ನನಗೆ ಹೇಳಿದ್ದರು. ‘ಇದು ಆ ಬುಡನ್ನಂದ ಕೆಲಸಾ’ ಅಂತ ಕಾಕಾ ಅಂದರು. ಅಂದರು ಅಂತ ನನ್ನ ನೆನಪು. ಕಾಕು ಒಳಗಿನಿಂದ ಬಂದು, ‘ದೀಪಾವಳಿಗೆ ಕೆಡಿಸಿದ್ದು ಈಗ್ಯಾಕ ಹೊಗಿ ಉಗಳ್ತದ?’ ಅಂತ ಕೇಳಿದಳು. ಆ ದಿನ ಆ ಮನೆಯಲ್ಲಿ ಕೇಳಿದ ಒಂದೇ ಒಂದು ವಿಜ್ಞಾನದ ಪ್ರಶ್ನೆ ಅದು. ವಿಜ್ಞಾನದ ಮಾಸ್ತರರು ಉತ್ತರ ಹೇಳಲಿಲ್ಲ. ಇತಿಹಾಸದ ಎಂ.ಎ. ಕೂಡ ಹೇಳಲಿಲ್ಲ. ಕಾಕಾ ಸಿಟ್ಟಿನಿಂದ ಬುಡನ್‌ಗೆ ಒಂದು ಕಾರ್ಡು ಬರೆದರು: ಇಷ್ಟು ವರ್ಷದ ನಂಬಿಕೆಗೆ ನೀನು ಹೀಗೆ ಮಾಡಬಾರದಾಗಿತ್ತು, ಇನ್ನು ನಿನ್ನ ಶೆಡ್ಡಿನ ಮುಂದೆ ನಮ್ಮ ಗಾಡಿ ನಿಲ್ಲುವುದಿಲ್ಲ, ಎಂದು. ಅದನ್ನು ಟಪಾಲು ಡಬ್ಬಿಗೆ ಹಾಕಿ ಬರಲು ನನ್ನ ಕೈಗೇ ಕೊಟ್ಟರು. ಟಪಾಲು ಡಬ್ಬಿಯ ಮುಂದೆ ನಾನು ಒಂದು ನಿಮಿಷ ನಿಂತೆ. ನಿಲ್ಲದೇ ಇರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಹಿಂದೆ ಯಾರೋ ಕಾಗದ ಹಾಕಲು ಬಂದು ಕೆಮ್ಮಿದರು. ಹಾಕಿಬಿಟ್ಟೆ.

ಗುರುವಾರ, ಕೂಸಿಗೆ ಎಂಟನೇ ದಿನ, ನಾನೂ ಕಾಕಾನೂ ಮುರಿದ ಭಾಗಗಳನ್ನು ಒಂದು ಗಂಟು ಕಟ್ಟಿಕೊಂಡು ರೈಲು ಹತ್ತಿ ಕುಂದಗೋಳಕ್ಕೆ ಹೋದೆವು. ಅಲ್ಲಿ ಮೌನೇಶಪ್ಪ ಪತ್ತಾರ ಅಂತ ಒಬ್ಬರಿದ್ದರು. ಮೂಲ ಅಕ್ಕಸಾಲಿಗರು; ಆದರೆ ಊರಲ್ಲಿ ಹಾಡುವವರು ಹೆಚ್ಚಾಗಿ ಬಂಗಾರ ಮಾಡಿಸುವವರು ಕಡಿಮೆಯಾದ್ದರಿಂದ ಹಾರ್ಮೋನಿಯಂ ರಿಪೇರಿ ಹಿಡಿದಿದ್ದರು. ಹಾರ್ಮೋನಿಯಂನ ಹಿತ್ತಾಳೆ ಪಟ್ಟಿಯನ್ನು ಕೂದಲೆಳೆಯಷ್ಟು ಕೆರೆದು ಸ್ವರಕ್ಕೆ ತರುವ ಕೈ ಅದು. ಅಷ್ಟು ಸಣ್ಣ ತೂತಿನ ಕೆಲಸಕ್ಕೆ ಅಂಥ ಕೈಯೇ ಬೇಕು ಎಂಬುದು ಕಾಕಾನ ಲೆಕ್ಕ.

ಮೌನೇಶಪ್ಪ ಗಂಟು ಬಿಚ್ಚಿ, ಭಾಗಗಳನ್ನು ಒಂದೊಂದಾಗಿ ಮೂಸಿ ನೋಡಿದರು. ಆಮೇಲೆ ಜೆಟ್ಟನ್ನು ತುಟಿಗಿಟ್ಟು ಊದಿ, ತಲೆ ಓರೆ ಮಾಡಿ ಕೇಳಿಸಿಕೊಂಡರು.

‘ಭಾಳ ತಗ್ಗಿನ್ಯಾಗ ಹಾಡಾಕತ್ತೈತ್ರಿ ಮಾಸ್ತರ್ರ. ಮೊದಲ ಯಾವ ಸುರದಾಗ ಇತ್ರಿ?’

‘ಗಾಡಿಗೆ ಯಾವ ಸುರ ಮೌನೇಶಪ್ಪ? ಅದರ ಮ್ಯಾಲ ನಂಬರ್ ಇತ್ತು, ಸವದು ಹೋಗ್ಯದ.’

‘ಸವದಿಲ್ರಿ, ತಿಕ್ಕ್ಯಾರ. ಹುಣಸಿಹಣ್ಣಿನ ವಾಸನಿ ಐತಿ.’

ನಾನು ಗೋಡೆಗೆ ತೂಗುಹಾಕಿದ್ದ ತಂಬೂರಿಗಳನ್ನು ಎಣಿಸತೊಡಗಿದೆ. ಮೌನೇಶಪ್ಪ ಬಂಗಾರ ನೋಡುವ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡರು.

‘ತೂತು ದುಂಡಗ ಇಲ್ರಿ. ಮೂರ ಮೂಲಿ ಐತಿ.’

‘ಮೂರ ಮೂಲಿ?’

‘ಹೌದ್ರಿ. ಬರಮಾ ಹಾಕಿ ಕೊರದ್ರ ದುಂಡಗ ಆಗತೈತಿ. ಇದಕ್ಕ ಮೂರ ಮೂಲಿ ಮೊನಿ ದಬ್ಬಣ ಹೋಗೇತಿ. ಗ್ಯಾರೇಜನ್ಯಾಗ ದಬ್ಬಣ ಯಾರ ಇಡ್ತಾರ್ರಿ?’

ತಂಬೂರಿಗಳು ಐದಿದ್ದವು. ಈ ವಿಷಯದಲ್ಲಿ ನನ್ನ ನೆನಪು ತಪ್ಪಿರಲಾರದು. ಕಾಕಾ ‘ಹೂಂ’ ಅಂದರು. ಅಷ್ಟೇ. ನನ್ನ ಕಡೆಗೆ ನೋಡಿದರೋ ಇಲ್ಲವೋ ನನಗೆ ತಿಳಿಯದು, ಯಾಕೆಂದರೆ ನಾನು ಅವರ ಕಡೆಗೆ ನೋಡಲಿಲ್ಲ.

ಮೌನೇಶಪ್ಪ ಎರಡು ದಿನ ಕೇಳಿದರು. ಶನಿವಾರ ಮತ್ತೆ ಹೋದಾಗ ಕೆಲಸ ಮುಗಿದಿತ್ತು. ಡಬ್ಬಿಯ ತಗ್ಗನ್ನು ಒಳಗಿನಿಂದ ಎತ್ತಿ, ಹೊಸ ಬೆಸುಗೆ ಹಾಕಿದ್ದರು. ಮುಚ್ಚಳಕ್ಕೆ ಎರಡು ಹಿತ್ತಾಳೆ ಕಿವಿ ಮಾಡಿ, ಬಿಳಿ ಲೋಹ ಬೆಂಕಿಗೆ ತಾಳುವುದಿಲ್ಲವೆಂದು ಬೆಸೆಯದೆ, ಸೂಜಿಯಂಥ ಮೊಳೆ ಹಾಕಿ ಬಡಿದಿದ್ದರು. ಜೆಟ್ಟಿನ ತೂತನ್ನು ಬೆಳ್ಳಿಯ ಬೆಸುಗೆಯಿಂದ ಪೂರ್ತಿ ಮುಚ್ಚಿ, ಹೊಲಿಗೆಸೂಜಿಯನ್ನೇ ಮಸೆದು ಬರಮಾ ಮಾಡಿಕೊಂಡು, ಹೊಸದಾಗಿ ಕೊರೆದಿದ್ದರು. ಆ ಸೂಜಿಯನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು. ‘ಬೇಕಂತನ ಸಣ್ಣದ ಮಾಡೀನ್ರಿ. ಮನಿಗೆ ಹೋಗಿ ಹಾಕಿ ನೋಡ್ರಿ. ಸಾಲದಿದ್ರ ಅರ್ಧ ಸುತ್ತು ತಿರುವ್ರಿ, ಮತ್ತ ಹಾಕಿ ನೋಡ್ರಿ. ಗಡಿಬಿಡಿ ಮಾಡಬ್ಯಾಡ್ರಿ. ದೊಡ್ಡದ ಮಾಡೂದು ಎಲ್ಲಾರಿಗೂ ಬರತೈತಿ. ಸಣ್ಣದ ಮಾಡೂದು ತ್ರಾಸ.’ ಕೊನೆಯ ಮಾತನ್ನು ಕಾಕಾನಿಗೆ ಹೇಳಿದರು, ‘ಅಲ್ಲೇನವಾ ತಂಗಿ?’ ಅಂತ ನನ್ನನ್ನು ಕೇಳಿದರು.

ಶನಿವಾರ ಮಧ್ಯಾಹ್ನವೆಲ್ಲ ಬೇವಿನ ಗಿಡದ ಕೆಳಗೆ ಅದೇ ನಡೆಯಿತು. ನಾನು ಗಾಡಿಯಲ್ಲಿ ಕೂತು, ಹೇಳಿದಾಗ ಕಾಲಿನಿಂದ ಪೆಡಲು ಒತ್ತುವುದು, ಹೇಳಿದಾಗ ತೆಗೆಯುವುದು. ಕಾಕಾ ಜೆಟ್ಟು ಹಾಕುವುದು, ಹ್ಯಾಂಡಲು ತಿರುವುವುದು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಲ್ಲುವುದು, ಬಿಚ್ಚುವುದು, ಸೂಜಿಯಿಂದ ಅರ್ಧ ಸುತ್ತು, ಮತ್ತೆ ಹಾಕುವುದು. ಹನ್ನೊಂದು ಸಲ ಅಂತ ನನ್ನ ನೆನಪು, ಏಳು ಅಂತ ಡೈರಿ. ಯಾವ ಸಲವೂ ಆ ಜೆಟ್ಟನ್ನು ನನ್ನ ಕೈಗೆ ಕೊಡಲಿಲ್ಲ. ಎರಡು ಕೈಗೂ ಕೆಲಸವಿದ್ದಾಗ ಅದನ್ನು ತುಟಿಯಲ್ಲಿ ಹಿಡಿದುಕೊಂಡರೇ ಹೊರತು, ಗಾಡಿಯಿಂದ ಇಳಿದು ಬಂದು ಪಕ್ಕದಲ್ಲಿ ಕೈಯೊಡ್ಡಿ ನಿಂತ ನನಗೆ ಕೊಡಲಿಲ್ಲ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಕೆಮ್ಮದೆ, ಉಗುಳದೆ, ಹಾರ್ಮೋನಿಯಂನ ಒಂದೇ ಪಟ್ಟಿ ಒತ್ತಿ ಹಿಡಿದ ಹಾಗೆ ಉಸಿರಾಡತೊಡಗಿತು. ಪೇಟೆಯ ಹಮಾಲರು ಬಂದು ನಿರಾಸೆಯಿಂದ ನೋಡಿ ಹೋದರು.

ರವಿವಾರ ಹೊತ್ತು ಮೂಡುವ ಮೊದಲೇ ಹೊರಟೆವು. ಕಲಘಟಗಿಯ ತನಕ ಗಾಡಿ ಒಂದು ಸಲವೂ ನಿಲ್ಲಲಿಲ್ಲ. ತೊಟ್ಟಿಲಿನ ಹಲಗೆಗಳನ್ನು ಬಿಚ್ಚಿ, ಹಳೇ ಸೀರೆಗಳಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ಇಟ್ಟರು. ಅವು ಅಲುಗಾಡದಂತೆ ಒತ್ತಿ ಹಿಡಿಯಲು ನಾನು ಅವುಗಳ ನಡುವೆ ಕೂತೆ. ನನ್ನ ಮೂಗಿಗೆ ನಾಲ್ಕು ಬೆರಳು ದೂರದಲ್ಲಿ ಕೃಷ್ಣನ ಮೂಗು, ಹೊಸ ಬಣ್ಣದಲ್ಲಿ. ಅದಕ್ಕೆ ಗೀರು ಬೀಳದಂತೆ ನೋಡಿಕೊಳ್ಳುವುದೇ ಆ ದಿನದ ಏಕೈಕ ಕರ್ತವ್ಯ.

ತಿರುಗಿ ಬರುವ ದಾರಿಯಲ್ಲಿ, ಹುಬ್ಬಳ್ಳಿ ಇನ್ನೇನು ಬಂತು ಅನ್ನುವಾಗ, ಪೆಟ್ರೋಲಿನ ವಾಸನೆ ಬಂತು. ಮುಚ್ಚಳದ ಹೊಸ ಕಿವಿ ನಡುಗಿ ನಡುಗಿ ಸಡಿಲಾಗಿ, ಪಕ್ಕದಿಂದ ಹನಿ ಒಸರುತ್ತಿತ್ತು. ಗಾಡಿ ತೆವಳುತ್ತ ಊರೊಳಗೆ ಬಂದು, ಪೂರ್ತಿ ನಿಂತದ್ದು ಎಲ್ಲಿ ಎಂದರೆ, ಬುಡನ್ ಮಿಸ್ತ್ರಿಯ ಶೆಡ್ಡಿನಿಂದ ಮೂವತ್ತು ಹೆಜ್ಜೆ ಈಚೆಗೆ. ಕಾಕಾ ಸ್ಟೇರಿಂಗು ಹಿಡಿದುಕೊಂಡು ಹಾಗೆಯೇ ಕೂತರು. ನೂಕಲು ಅಣ್ಣಿಗೇರಿಯವರು ಯಾರೂ ಅಲ್ಲಿರಲಿಲ್ಲ. ಶೆಡ್ಡಿನಿಂದ ಬುಡನ್ ಚಿಂದಿಯಲ್ಲಿ ಕೈ ಒರಸುತ್ತ ತಾನೇ ನಡೆದು ಬಂದ.

‘ನಮಸ್ಕಾರ್ರಿ ಮಾಸ್ತರ್ರ.’

‘ನಮಸ್ಕಾರಪಾ.’

‘ನಿಮ್ಮ ಕಾರ್ಡ ಬಂದಿತ್ರಿ. ನನಗ ಓದಾಕ ಬರೂದಿಲ್ಲ. ಚಾದಂಗಡಿಯಾವ ಓದಿದ. ಹತ್ತ ಮಂದಿ ಇದ್ರು.’

ಬುಡನ್ ಬಾನೆಟ್ಟು ಎತ್ತಿ, ಬಾಗಿ ನೋಡಿ, ಒಂದು ತುಂಡು ಬಟ್ಟೆಸಾಬೂನು ತಂದು, ಅದನ್ನು ಬೆರಳಿನಲ್ಲಿ ಮಿದ್ದು, ಒಸರುವ ಸಂದಿಗೆ ಒತ್ತಿ ಒತ್ತಿ ತುಂಬಿದ. ಅದರ ಮೇಲೆ ದಾರ ಸುತ್ತಿದ. ಪೆಟ್ರೋಲಿಗೆ ಸಾಬೂನು ಕರಗುವುದಿಲ್ಲವಂತೆ. ಆಮೇಲೆ ಜೆಟ್ಟು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನೋಡಿದ.

‘ಯಾರೋ ಭಾರಿ ಕೆಲಸಾ ಮಾಡ್ಯಾರ್ರಿ ಇದಕ್ಕ. ಆದರ ಮಾಸ್ತರ್ರ, ಇದನ್ನ ಮೊದಲ ಕೆಡಿಸಿದಾಂವ ನಾ ಅಲ್ರಿ. ನನ್ನ ಮಗಳಾಣಿ.’

‘ಗೊತ್ತದಪಾ’ ಅಂದರು ಕಾಕಾ.

ನಾನು ಆಗ ಮಾತಾಡಬಹುದಾಗಿತ್ತು. ಗಾಡಿಯಿಂದ ಇಳಿಯುವುದೂ ಬೇಕಾಗಿರಲಿಲ್ಲ, ಕಿಟಕಿಯಿಂದಲೇ ಹೇಳಬಹುದಾಗಿತ್ತು. ಆದರೆ ಬಾಯಿಗೆ ಅಡ್ಡವಾಗಿ ತೊಟ್ಟಿಲಿನ ಹಲಗೆ ಇತ್ತು ಅಂತ ನನ್ನ ನೆನಪು. ಹಲಗೆ ಸರಿಸಿದರೆ ಗೀರು ಬೀಳುತ್ತಿತ್ತು. ಕಾಕಾ ಇಳಿದು ಬುಡನ್‌ನ ಭುಜದ ಮೇಲೆ ಕೈಯಿಟ್ಟು, ‘ನಾಳೆ ಮೊಮ್ಮಗಳನ್ನ ತೊಟ್ಟಲದಾಗ ಹಾಕೂದದ, ಮನಿಗೆ ಬಾ. ಚಾದಂಗಡಿಯವನ್ನೂ ಕರಕೊಂಡು ಬಾ’ ಅಂದರು. ಬುಡನ್ ನಕ್ಕ. ಬೆನ್ನು ಕೊಟ್ಟು ಗಾಡಿ ನೂಕಿದವನೂ ಅವನೇ.

ಸೋಮವಾರ ತೊಟ್ಟಿಲು ಪಡಸಾಲೆಯ ಜಂತಿಗೆ ತೂಗಿತು. ಕಾಕು ಅದನ್ನು ಕಿಟಕಿಯ ಬೆಳಕಿಗೆ ತಿರುವಿ ತಿರುವಿ ನೋಡಿದಳು. ಕೃಷ್ಣನ ಮೂಗಿಗೆ, ಗಿಳಿಗಳ ರೆಕ್ಕೆಗೆ, ಎಲ್ಲಿಯೂ ಒಂದು ಗೀರಿಲ್ಲ. ಆದರೆ ಸುತ್ತಿದ ಸೀರೆ, ಹಲಗೆ, ಹಗ್ಗ ಎಲ್ಲವೂ ಪೆಟ್ರೋಲಿನ ವಾಸನೆ ಹೀರಿಕೊಂಡು ಬಂದಿದ್ದವು. ವಿಮಲಾನ ಅತ್ತೆ ಕೂಸನ್ನು ಮಲಗಿಸಲು ಬಾಗಿದವರು ಸೆರಗಿನಿಂದ ಮೂಗು ಮುಚ್ಚಿಕೊಂಡು, ‘ಇದೇನ್ರಿ ಬೀಗತಿ, ಕೂಸಿನ್ನ ತೂಗೂದೋ, ಹ್ಯಾಂಡಲ್ ಹೊಡಿಯೂದೋ?’ ಅಂದರು. ಅವರ ಕಣ್ಣು ಹಿತ್ತಾಳೆ ಸಾಮಾನಿನ ಕಡೆಗೆ ಹೋಗಲೇ ಇಲ್ಲ. ಕಾಕು ಗಂಡನ ಕಡೆಗೆ ತಿರುಗಿ, ‘ಬಸ್ಸಿನ ಮ್ಯಾಲ ಬಂದಿದ್ರ ಗಾಳಿನಾದ್ರೂ ಬಡೀತಿತ್ತು’ ಅಂದಳು. ಹೆಸರು ಬದಲಾಯಿಸುವ ಮಾತು ಮಾತ್ರ ಎತ್ತಲಿಲ್ಲ. ಬುಡನ್ ಮಧ್ಯಾಹ್ನ ಬಂದ, ಕೂಸಿಗೆ ಆಡಲು ಒಂದು ಗಿಲಗಿಲಿ ತಂದಿದ್ದ. ಗುಗ್ಗರಿ ಹಂಚುತ್ತಿದ್ದವಳು ನಾನು. ಅವನ ಕೈಯೊಳಗೆ ಎರಡು ಹಿಡಿ ಹೆಚ್ಚು ಹಾಕಿದೆ. ಪ್ರಾಯಶ್ಚಿತ್ತವೆಂದು ನಾನು ಅಂದು ಮಾಡಿದ್ದು ಅಷ್ಟೇ.

ಆ ಮೇಲೆ ಗಾಡಿ ಬುಡನ್‌ನ ಕೈಗೇ ಹೋಗತೊಡಗಿತು. ಜೆಟ್ಟಿನ ಕತೆಯನ್ನು ಕಾಕಾ ಎಷ್ಟೋ ಮದುವೆ ಮುಂಜಿಗಳಲ್ಲಿ ಹೇಳಿದ್ದಾರೆ. ಮೌನೇಶಪ್ಪ ಊದಿ ಸ್ವರ ಕೇಳಿದ್ದನ್ನು ಅಭಿನಯಿಸಿ ತೋರಿಸುತ್ತಾರೆ. ‘ಕೆಡಿಸಿದವರು ಯಾರು?’ ಅಂತ ಯಾರಾದರೂ ಕೇಳಿದರೆ, ‘ಏನೋ, ಆಗಿತ್ತು’ ಅಂದು ಮುಂದಕ್ಕೆ ಹೋಗುತ್ತಾರೆ. ಆಗೆಲ್ಲ ನಾನು ನೀರು ಕುಡಿಯಲು ಒಳಗೆ ಹೋಗುತ್ತೇನೆ. ಇತಿಹಾಸ ಕಲಿಸುವ ನೌಕರಿ ಆ ವರ್ಷವೇ ಸಿಕ್ಕಿತು. ಆಧಾರಗಳನ್ನು ಪರೀಕ್ಷಿಸದೆ ಏನನ್ನೂ ನಂಬಬೇಡಿ ಅಂತ ಹುಡುಗರಿಗೆ ಹೇಳುತ್ತ ಏಳು ವರ್ಷ ಕಳೆದಿದ್ದೇನೆ.

ಹೋದ ತಿಂಗಳು ಪೆಟ್ಟಿಗೆ ಸ್ವಚ್ಛ ಮಾಡುವಾಗ ಆ ವರ್ಷದ ಡೈರಿ ಸಿಕ್ಕಿತು. ಕಾಕಾ ಬುಡನ್‌ನನ್ನು ಬೈದ ದಿನ ನಾನು ಏನು ಬರೆದಿರಬಹುದು ಎಂದು ತೆರೆದೆ. ಬುಧವಾರದ ಪುಟದಲ್ಲಿ ಕರೀ ಹೊಗೆ, ಕಾರ್ಡು, ಎಲ್ಲ ಇತ್ತು. ಅದರ ಹಿಂದಿನ ಪುಟ ಮಂಗಳವಾರದ್ದು. ಕಾಕಾ ಇನ್ನೂ ಗದಗಿನಿಂದ ಬಂದಿರಲಿಲ್ಲ, ಜೆಟ್ಟನ್ನು ಯಾರೂ ನೋಡಿರಲಿಲ್ಲ. ಆ ಪುಟದಲ್ಲಿ ನನ್ನದೇ ದುಂಡನೆಯ ಅಕ್ಷರದಲ್ಲಿ ಹೀಗಿದೆ: ‘ಕಾಕಾನ ಗಾಡಿಯ ಜೆಟ್ಟಿನ ತೂತು ಬಹಳ ದೊಡ್ಡದಾಗಿದೆ. ದೀಪಾವಳಿಗೆ ಬುಡನ್ ಮಿಸ್ತ್ರಿ ಹಾಳು ಮಾಡಿರಬೇಕು.’ ದಬ್ಬಣದ ಹೆಸರೇ ಇಲ್ಲ. ಹಾಗಾದರೆ ಬುಧವಾರ ಬೇವಿನ ಗಿಡದ ಕೆಳಗೆ ಬುಡನ್‌ನ ಹೆಸರು ಮೊದಲು ತೆಗೆದವರು ಯಾರು? ಕಾಕಾ ಅಂತ ನನ್ನ ನೆನಪು ಇವತ್ತಿಗೂ ಗಟ್ಟಿಯಾಗಿ ಹೇಳುತ್ತದೆ. ಅದು ಯಾರ ಕಡೆಯ ಸಾಕ್ಷಿ ಎಂಬುದನ್ನು ಮೊದಲೇ ಹೇಳಿದ್ದೇನೆ.

ಆ ದಿನವೇ ಕಾಕಾನಿಗೆ ಕಾಗದ ಬರೆದೆ. ಕಾರ್ಡಲ್ಲ, ಇನ್‌ಲ್ಯಾಂಡು, ಅಂಟು ಹಚ್ಚಿ. ದಬ್ಬಣದ ಸಂಗತಿ ಪೂರ್ತಿ ಬರೆದೆ. ಕೊನೆಗೆ ಧೈರ್ಯ ಮಾಡಿ ಒಂದು ಪ್ರಶ್ನೆ ಬರೆದೆ. ಬರೀ ಪ್ರಶ್ನೆಯೊಂದೇ ಇದ್ದರೆ ಒರಟಾಗಿ ಕಂಡೀತೆಂದು ಅದರ ಕೆಳಗೆ, ನಿಮ್ಮ ಮೊಣಕಾಲು ನೋವು ಹೇಗಿದೆ ಅಂತಲೂ ಕೇಳಿದೆ. ಒಂದು ವಾರದಲ್ಲಿ ಉತ್ತರ ಬಂತು. ಮೊಣಕಾಲಿನ ಬಗ್ಗೆ ಒಂದೂವರೆ ಪುಟ ಇದೆ: ಎಡಗಾಲು ವಾಸಿ, ಬಲಗಾಲು ಮೆಟ್ಟಿಲು ಇಳಿಯುವಾಗ ಹಿಡಿಯುತ್ತದೆ, ಎಳ್ಳೆಣ್ಣೆಯಿಂದ ಗುಣವಿಲ್ಲ, ಬೇವಿನೆಣ್ಣೆಯಿಂದ ಸ್ವಲ್ಪ ಇದೆ. ಮೇಲಿನ ಪ್ರಶ್ನೆಯ ಬಗ್ಗೆ ಒಂದಕ್ಷರವೂ ಇಲ್ಲ. ನಾನು ಕೇಳಿದ್ದು ಇಷ್ಟೇ: ‘ಕಾಕಾ, ಅವತ್ತು ಬುಡನ್‌ಗೆ ಗೊತ್ತದಪಾ ಅಂದಿರಲ್ಲ, ಗೊತ್ತಿದ್ದೂ ನೀವು ನನ್ನ ಕೇಳಲಿಲ್ಲ ಯಾಕ?’